ಕುಂಬಳಕಾಯಿಯ ಮೇಲಿನ ಹೆಸರು

ಸೆಪ್ಟೆಂಬರ್ 25

ತೋಟದ ಯಜಮಾನಿಯವರಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಮೈಯಲ್ಲಿ ಕಸುವಿಲ್ಲದವರು ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲ. ಆದ್ದರಿಂದ ನೀವು ಗಟ್ಟಿಮುಟ್ಟಾಗಿಯೇ ಇದ್ದೀರಿ ಎಂದುಕೊಂಡಿದ್ದೇನೆ.

ನಿನ್ನೆ ನನ್ನ ಮಗಳು ಸುಗ್ಗಿ ನೋಡಲು ಶಾಲೆಯವರ ಜೊತೆ ಯಾವುದೋ ತೋಟಕ್ಕೆ ಹೋಗಿದ್ದಳು. ಸಂಜೆ ಐದೂವರೆಗೆ ಬಸ್ಸಿಳಿದಾಗ ಅವಳ ಕೈಯಲ್ಲೊಂದು ಕುಂಬಳಕಾಯಿ. ಕೈಯಲ್ಲಿ ಎನ್ನುವುದಕ್ಕಿಂತ ಹೊಟ್ಟೆಯ ಮೇಲೆ ಎನ್ನಬೇಕು, ಅಷ್ಟು ದೊಡ್ಡದು. ಎಲ್ಲ ಮಕ್ಕಳಿಗೂ ಒಂದೊಂದು ಕೊಟ್ಟಿದ್ದಾರೆ, ಪ್ರತಿಯೊಂದರ ಮೇಲೂ ಆಯಾ ಮಗುವಿನ ಹೆಸರಿದೆ ಎಂದು ಟೀಚರ್ ಹಿಗ್ಗಿನಿಂದ ಹೇಳಿದರು. ಕಾಯಿ ಎಳೆಯದಾಗಿದ್ದಾಗಲೇ ಮೊಳೆಯಲ್ಲಿ ಗೀಚಿಬಿಟ್ಟರೆ ಗಾಯ ಒಣಗಿ, ಕಾಯಿಯ ಜೊತೆಗೇ ಅಕ್ಷರವೂ ದಪ್ಪಗೆ ಬೆಳೆಯುತ್ತದಂತೆ. ಆ ತೋಟದಲ್ಲಿ ಆರು ವರ್ಷ ಅದನ್ನೇ ಮಾಡಿದವಳಿಗೆ ಹೇಳಿಕೊಡುತ್ತಿದ್ದರು, ಪಾಪ.

ಉಳಿದ ಮಕ್ಕಳ ಕಾಯಿಯ ಮೇಲೆ ಹಾಜರಿ ಪುಸ್ತಕದ ಹೆಸರುಗಳಿದ್ದವು. ನನ್ನ ಮಗಳ ಕಾಯಿಯ ಮೇಲೆ 'ಪಿಟೀಲು' ಎಂದಿತ್ತು.

ಅವಳು ಹುಟ್ಟಿದ ಮೂರನೇ ದಿನ, ಅಳು ಕೇಳಲಾರದೆ, ಅವಳ ಅಪ್ಪ ಇಟ್ಟ ಹೆಸರು ಅದು. ಅದು ಗೊತ್ತಿದ್ದವರು ಮೂರೇ ಜನ. ಒಬ್ಬರು ತೀರಿಕೊಂಡು ಬರುವ ತಿಂಗಳಿಗೆ ನಾಲ್ಕು ವರ್ಷ. ಇನ್ನೊಬ್ಬಳು ನಾನು, ಅವತ್ತಿನಿಂದ ಆ ಹೆಸರನ್ನು ನಾಲಿಗೆಗೆ ತಂದಿಲ್ಲ. ಮೂರನೆಯವರು ಯಾರೆಂದು ನಾನು ಬರೆಯಬೇಕಿಲ್ಲ.

"ಅಮ್ಮ, ಆ ತೋಟದಜ್ಜಿ ತಪ್ಪು ಬರ್ದಿದಾರೆ. ತಪ್ಪು ಅಂತ ಹೇಳಿದ್ರೂ ಇದೇ ನಿಂದು ಅಂತ ಕೊಟ್ರು. ಪಿಟೀಲು ಅಂದ್ರೆ ಯಾರು?" ಎಂದು ಕೇಳಿದಳು. ಯಾರದೋ ಅದಲುಬದಲಾಗಿದೆ ಎಂದು ಸುಳ್ಳು ಹೇಳಿದೆ. ಮಗಳಿಗೆ ನಾನು ಹೇಳಿದ ಮೊದಲ ಸುಳ್ಳು ಇದಲ್ಲ.

ನಾಲ್ಕು ವರ್ಷದ ಹಿಂದೆ, ಊರೆಲ್ಲ ಸೇರಿದ್ದ ನಿಮ್ಮ ಅಂಗಳದಲ್ಲಿ ನೀವು ಒಂದು ಮಾತು ಹೇಳಿದಿರಿ: "ನನ್ನ ಮಗನೇ ಇಲ್ಲದ ಮೇಲೆ ನೀವಿಬ್ರೂ ನಂಗ್ಯಾರು?" ನಾನು ಆ ಮಾತನ್ನು ಅಕ್ಷರಶಃ ಪಾಲಿಸಿಕೊಂಡು ಬಂದಿದ್ದೇನೆ. ನೀವೂ ಪಾಲಿಸಿ.

ಇತಿ,
ನಿಮಗೆ ಯಾರೂ ಅಲ್ಲದವಳು

*

ಸೆಪ್ಟೆಂಬರ್ 30

ಸೊಸೆಗೆ,

ಯಜಮಾನಿಯವರಿಗೆ ಎಂದು ಬರೆದಿದ್ದೀಯ. ಬರೆದುಕೋ. ಏನೆಂದು ಕರೆದರೂ ನಿನ್ನ ಗಂಡನನ್ನು ಹೆತ್ತವಳು ನಾನೇ, ಅದನ್ನು ರಬ್ಬರು ಹಾಕಿ ಅಳಿಸಲಾಗುವುದಿಲ್ಲ.

ನಾನೇನು ಮಗುವನ್ನು ಕದ್ದುಕೊಂಡು ಹೋದೆನೇ? ಶಾಲೆಯವರು ಮನೆಗೆ ಚೀಟಿ ಕಳಿಸಿದ್ದರು. ಅದರಲ್ಲಿ ತೋಟದ ಹೆಸರು, ವಿಳಾಸ ಎರಡೂ ಇದ್ದವು. ಕೆಳಗೆ ನಿನ್ನ ರುಜು ಇತ್ತು, ಟೀಚರ್ ತಂದಿದ್ದ ಚೀಟಿಗಳ ಕಟ್ಟಿನಲ್ಲಿ ಕಣ್ಣಾರೆ ನೋಡಿದೆ. ಊರಿಗೆಲ್ಲ ಕನ್ನಡಕ ಮಾಡಿಕೊಡುವ ಅಂಗಡಿಯಲ್ಲಿ ಕೂತಿರುವವಳು ನೀನು, ಒಂದು ಚೀಟಿ ಓದಲು ಆಗಲಿಲ್ಲವೇ?

ಹೆಸರಿನ ವಿಷಯಕ್ಕೆ ಬರುತ್ತೇನೆ. ಶಾಲೆಯ ಪಟ್ಟಿಯಲ್ಲಿ ಮೂವತ್ತೊಂದು ಹೆಸರಿದ್ದವು. ಆಗಸ್ಟಿನಲ್ಲಿ ಕಾಯಿ ಮುಷ್ಟಿಯಷ್ಟಿದ್ದಾಗ, ಪಟ್ಟಿ ಹಿಡಿದು ಬಳ್ಳಿಯಿಂದ ಬಳ್ಳಿಗೆ ಮಂಡಿಯೂರಿಕೊಂಡು ಗೀಚುತ್ತಾ ಹೋದೆ. ಹದಿನೇಳನೆಯದು ಅವಳದು. ಪಟ್ಟಿಯ ಹೆಸರನ್ನೇ ಬರೆಯಬೇಕೆಂದು ಕೂತೆ, ಕೈ ಇದನ್ನು ಬರೆಯಿತು. ಗೊತ್ತಾಗಿದ್ದು ಹದಿನೆಂಟನೆಯದಕ್ಕೆ ಹೋದ ಮೇಲೆ. ಗೀಚಿದ್ದು ಅಳಿಯುವುದಿಲ್ಲ, ನಿನಗೇ ಗೊತ್ತು. ಬೇರೆ ಕಾಯಿಗೆ ಸರಿಯಾದ ಹೆಸರು ಬರೆದು ಇದನ್ನು ಕಿತ್ತೆಸೆಯಬಹುದಿತ್ತು, ಎಸೆಯಲಿಲ್ಲ. ಅಷ್ಟರ ಮಟ್ಟಿಗೆ ತಪ್ಪು ಒಪ್ಪಿಕೊಳ್ಳುತ್ತೇನೆ.

ನೀನು ಕೇಳದಿದ್ದರೂ ಅವತ್ತು ಅವಳು ಹೇಗಿದ್ದಳೆಂದು ಹೇಳುತ್ತೇನೆ. ಓದಲು ಇಷ್ಟವಿಲ್ಲದಿದ್ದರೆ ಹಾಳೆ ತಿರುಗಿಸು. ಸೇಬು ಕೀಳುವಾಗ ಜಗ್ಗಬಾರದು, ಜಗ್ಗಿದರೆ ಮುಂದಿನ ವರ್ಷದ ಮೊಗ್ಗೂ ಕಿತ್ತು ಬರುತ್ತದೆ, ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ತಿರುಗಿಸಬೇಕು ಎಂದು ಎಲ್ಲರಿಗೂ ಒಮ್ಮೆ ಹೇಳಿದೆ. ಆಮೇಲೆ ನಾನು ಹೇಳಬೇಕಾಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಸಾಲು ಮರಗಳ ಕೆಳಗೆಲ್ಲ ತಿರುಗಿ, "ಏಯ್, ಜಗ್ಗಬೇಡ್ವೋ, ಮೊಗ್ಗು ಹೋಗತ್ತೆ!" ಎಂದು ಮೂವತ್ತು ಮಕ್ಕಳನ್ನೂ ಅವಳೇ ಗದರಿಸಿದಳು. ಜೋಳದ ಹೊಲದಲ್ಲಿ ದಾರಿ ತಪ್ಪಿಸುವ ಹಾಗೆ ಓಣಿ ಕಡಿದಿಟ್ಟಿದ್ದೇನಲ್ಲ, ಅದರೊಳಗಿಂದ ಮೊದಲು ಹೊರಗೆ ಬಂದವಳೂ ಅವಳೇ. ಬಂದವಳು ಸುಮ್ಮನಿರದೆ ಮತ್ತೆ ಒಳಗೆ ಹೋಗಿ, ಅಳುತ್ತಿದ್ದ ಇಬ್ಬರನ್ನು ಕೈಹಿಡಿದು ಕರೆತಂದಳು. ಊಟದ ಹೊತ್ತಿಗೆ ಮೂರು ಸೇಬು ತಿಂದಿದ್ದಳು, ನಾಲ್ಕನೆಯದನ್ನು ಒಂದು ಕಡೆ ಕಚ್ಚಿ, ಹುಳಿಯೆಂದು ಕಂಡು, ಕಚ್ಚಿದ ಭಾಗ ಕೆಳಗಾಗುವ ಹಾಗೆ ಬುಟ್ಟಿಯಲ್ಲಿ ವಾಪಸ್ಸಿಟ್ಟಳು. ಅವಳಪ್ಪನ ಬುದ್ಧಿ. ನಾನು ನೋಡಿಯೂ ನೋಡದ ಹಾಗಿದ್ದೆ.

"ನಿಮ್ಮನೇಲಿ ಮಕ್ಕಳಿಲ್ವಾ ಅಜ್ಜಿ?" ಎಂದು ಕೇಳಿದಳು. "ಒಬ್ಬ ಇದ್ದ," ಅಂದೆ. ಅಷ್ಟೇ. ನಾನು ಯಾರೆಂದು ಹೇಳಲಿಲ್ಲ. ಆ ಒಂದು ವಿಷಯಕ್ಕಾದರೂ ನೀನು ನನಗೆ ಋಣಿಯಾಗಿರಬೇಕು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ, ನೀನು ಹೆತ್ತ ಮಗುವಿನ ಮೇಲೆಯೇ ತೀರಿಸಿಕೊಳ್ಳುತ್ತಿದ್ದೀಯ. ಅವನ ಸಾವನ್ನು ನನ್ನ ತಲೆಗೆ ಕಟ್ಟಿ ಅವಳನ್ನು ನನ್ನಿಂದ ಬಚ್ಚಿಟ್ಟಿದ್ದೀಯ. ಎಡಗೈ ಉಜ್ಜಿಕೊಂಡದ್ದನ್ನು ನೋಡಿದ ಮಾತ್ರಕ್ಕೆ ಹೃದಯದ ಬೇನೆ ಎಂದು ಯಾರಿಗೆ ಹೊಳೆಯುತ್ತದೆ? ಬೆಳಿಗ್ಗೆ ಜಗಳವಾಡಿ ಮಗುವನ್ನೆತ್ತಿಕೊಂಡು ಹೋದವಳು ನೀನು. ಅದನ್ನು ಊರೇ ಬಲ್ಲದು.

ಸುಗ್ಗಿ ಮುಗಿಯುವವರೆಗೆ ಭಾನುವಾರಗಳಂದು ಅವಳನ್ನು ಕಳಿಸು. ನಿನ್ನನ್ನು ಬಾ ಎನ್ನುತ್ತಿಲ್ಲ.

ನಿನ್ನ ಗಂಡನ ತಾಯಿ

*

ಅಕ್ಟೋಬರ್ 3

ಮಾನ್ಯರೇ,

ಮೊನ್ನೆ ತಾವು ಶಾಲೆಗೆ ಬಂದು ಕೇಳಿದ ಪ್ರಶ್ನೆಗಳಿಗೆ ಆಗಲೇ ಉತ್ತರಿಸುವ ಅವಕಾಶ ಸಿಗಲಿಲ್ಲ. ತಾವು ಹೋದ ಮೇಲೆ ವಿಚಾರಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಈ ಶಾಲೆಗೆ ಬಂದು ನಾಲ್ಕು ತಿಂಗಳಾಯಿತಷ್ಟೇ, ನಿಮ್ಮ ಮನೆಯ ಸಂಗತಿ ತಿಳಿದಿರಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ಹೇಳುವ ಪ್ರಕಾರ, ತೋಟದಮ್ಮ ಮಾರ್ಚಿಯಲ್ಲಿ ತಾವಾಗಿಯೇ ಬಂದು, ಈ ವರ್ಷ ಮಕ್ಕಳನ್ನು ನಮ್ಮಲ್ಲಿಗೆ ಕರೆತನ್ನಿ ಎಂದು ಕೇಳಿಕೊಂಡರಂತೆ. ಎರಡನೇ ತರಗತಿಯನ್ನೇ ಕರೆತರಬೇಕೆಂದು ಎರಡು ಸಲ ಹೇಳಿದರಂತೆ. ಶಾಲೆಯವರಿಗೆ ಅದರಲ್ಲಿ ಅನುಮಾನ ಬರಲಿಲ್ಲ, ಆ ವಯಸ್ಸಿನ ಮಕ್ಕಳು ಕುಂಬಳಕಾಯಿ ಎತ್ತಬಲ್ಲರು ಎಂದುಕೊಂಡರಂತೆ.

ಅಂದು ಅವರು ನಿಮ್ಮ ಮಗಳನ್ನು ಪ್ರತ್ಯೇಕವಾಗಿ ಎಲ್ಲಿಗೂ ಕರೆದೊಯ್ಯಲಿಲ್ಲ. ಎಲ್ಲ ಮಕ್ಕಳಿಗೆ ತೋರಿದಷ್ಟೇ ಸಲಿಗೆ ತೋರಿದರು. ಒಮ್ಮೆ ಮಾತ್ರ ಅವಳ ಶೂ ಲೇಸು ಬಿಚ್ಚಿದ್ದನ್ನು ಕಂಡು ಕೂತು ಕಟ್ಟಿದರು. ಅದನ್ನು ತುಂಬ ಹೊತ್ತು ಕಟ್ಟಿದರು ಎಂಬುದು ಈಗ ನೆನಪಾಗುತ್ತಿದೆ. ನಾನು ಕೈ ಕೊಡಲು ಹೋದಾಗ, "ಬೇಡ, ನಂಗೆ ಬರತ್ತೆ" ಎಂದರು.

ನಮ್ಮಿಂದ ತೊಂದರೆಯಾಗಿದ್ದರೆ ಕ್ಷಮೆ ಇರಲಿ. ತಾವು ಮೇಜಿನ ಮೇಲೆ ಬಿಟ್ಟುಹೋದ ಕೊಡೆ ಕಚೇರಿಯಲ್ಲಿದೆ.

ವಿಶ್ವಾಸದಿಂದ,
ಎರಡನೇ ತರಗತಿಯ ಟೀಚರ್

*

ಅಕ್ಟೋಬರ್ 5

ತೋಟದ ಯಜಮಾನಿಯವರಿಗೆ,

ಚೀಟಿ ಓದದೆ ರುಜು ಹಾಕಿದ್ದು ನನ್ನ ತಪ್ಪು. ಗಾಜು ಉಜ್ಜುವ ಯಂತ್ರದ ಮುಂದೆ ನಿಂತು, ಕೈಯೆಲ್ಲ ಪುಡಿಯಾಗಿದ್ದಾಗ, ಮಗಳು ಚಾಚಿದ ಕಾಗದಕ್ಕೆ ಗೀಚಿಬಿಟ್ಟೆ. ವರ್ಷವರ್ಷವೂ ಶಾಲೆಯವರು ಹೋಗುತ್ತಿದ್ದದ್ದು ಹೊಳೆಯಾಚೆಯ ತೋಟಕ್ಕೆ. ನೀವು ಮಾರ್ಚಿ ತಿಂಗಳಿಂದ ಹೊಂಚು ಹಾಕುತ್ತೀರಿ ಎಂದು ನನಗೇನು ಕನಸು ಬಿದ್ದಿತ್ತೇ?

ಆದರೆ ಈ ಕಾಗದ ಅದಕ್ಕಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಬರೆದಿದ್ದು ನಿಜವಾಗಿಯೂ ಕುಂಬಳಕಾಯಿಯ ವಿಷಯ ಮಾತ್ರ. ಅವರ ಸಾವಿಗೆ ನೀವು ಕಾರಣ ಎಂದು ನನ್ನ ಕಾಗದದಲ್ಲಿ ಎಲ್ಲಿದೆ? ನಾಲ್ಕು ವರ್ಷದಲ್ಲಿ ಯಾರ ಹತ್ತಿರವಾದರೂ ಹಾಗೆ ಹೇಳಿದ್ದೇನೆಯೇ? ಹೇಳಲು ನನಗೆ ಧೈರ್ಯವೇ ಇರಲಿಲ್ಲ. ಏಕೆಂದರೆ ಕಾರಣ ನಾನೇ ಎಂದು ನಂಬಿದ್ದೆ. ನೀವು ನಂಬಿಸಿದ್ದಿರಿ.

ಅವತ್ತಿನ ಜಗಳ ಏನೆಂದು ನಿಮಗೆ ಗೊತ್ತಿದೆ, ಗೋಡೆಯಾಚೆ ನಿಂತು ಕೇಳಿಸಿಕೊಂಡಿದ್ದಿರಿ. "ಊರವರ ಮಕ್ಕಳನ್ನೆಲ್ಲ ಟ್ರ್ಯಾಕ್ಟರ್ ಗಾಡೀಲಿ ಕೂರಿಸ್ಕೊಂಡು ತೋಟ ಸುತ್ತಿಸ್ತೀರಿ, ನಿಮ್ಮ ಮಗಳನ್ನ ಒಂದು ಭಾನುವಾರ ಎಲ್ಲಿಗಾದ್ರೂ ಕರ್ಕೊಂಡು ಹೋಗಿದೀರಾ?" ಎಂದೆ. ಅದಕ್ಕೆ ಅವರು, "ಸುಗ್ಗಿ ಮುಗೀಲಿ ಕಣೇ" ಎಂದರು. ನಾನು ಸಿಟ್ಟಿನಲ್ಲಿ ಮಗುವನ್ನೆತ್ತಿಕೊಂಡು ನನ್ನ ಅಕ್ಕನ ಮನೆಗೆ ಹೋದೆ. ಅಷ್ಟೇ ಮಾತು. ಅಷ್ಟು ಮಾತಿಗೆ ಒಬ್ಬ ಮನುಷ್ಯನ ಹೃದಯ ನಿಂತುಹೋಗುತ್ತದೆಯೇ ಎಂದು ಕೇಳಿಕೊಳ್ಳದೆ ನಾನು ಮಲಗಿದ ದಿನವಿಲ್ಲ.

ಸಂಜೆ ಬಂದಾಗ ನೀವು ಎಲ್ಲರೆದುರು ಹೇಳಿದ್ದು ನೆನಪಿದೆಯೇ? ಒಂದು ಸೂಚನೆಯೂ ಇರಲಿಲ್ಲ, ಬೆಳಿಗ್ಗೆಯಿಂದ ಒಳಗೊಳಗೇ ನೊಂದುಕೊಂಡಿದ್ದ, ಇವಳ ಜಗಳಕ್ಕೆ ಅವನೆದೆ ಒಡೆದುಹೋಯಿತು ಎಂದಿರಿ. ಸೂಚನೆಯೇ ಇಲ್ಲದಿದ್ದರೆ ಎಡಗೈ ಉಜ್ಜಿಕೊಂಡದ್ದನ್ನು ನೀವು ಯಾವಾಗ ನೋಡಿದಿರಿ?

ಇತಿ,
ಆರು ವರ್ಷ ನಿಮ್ಮ ಮನೆಯಲ್ಲಿ ದುಡಿದವಳು

*

ಅಕ್ಟೋಬರ್ 9

ಪೊಲೀಸರ ಹಾಗೆ ಪ್ರಶ್ನೆ ಹಾಕಬೇಡ. ನನಗೆ ಅರವತ್ತೆಂಟು ವರ್ಷ. ಇಲ್ಲಿ ಹೊಲದ ತುಂಬ ಕಾಯಿ ಬಿದ್ದಿದೆ, ಆಳುಗಳು ಹೇಳಿದ ಮಾತು ಕೇಳುವುದಿಲ್ಲ, ಶನಿವಾರ ಭಾನುವಾರ ಕಾಲಿಡಲು ಜಾಗವಿಲ್ಲದಷ್ಟು ಜನ. ಅಪ್ಪ ಅಮ್ಮ, ಅಜ್ಜ ಅಜ್ಜಿ, ಮಕ್ಕಳು ಎಲ್ಲರೂ ಒಟ್ಟಿಗೆ ಬಂದು, ಹುಲ್ಲಿನ ಮೇಲೆ ಬಟ್ಟೆ ಹಾಸಿ ಕೂತು, ಕಿತ್ತ ಹಣ್ಣು ಹಂಚಿಕೊಂಡು ತಿಂದು, ನಕ್ಕು ಹೋಗುತ್ತಾರೆ. ನಾನು ಅವರಿಗೆ ಬುಟ್ಟಿ ಎತ್ತಿ ಕೊಡುತ್ತಾ ನಿಲ್ಲುತ್ತೇನೆ. ಅದನ್ನು ದಿನವಿಡೀ ನೋಡುವುದು ಹೇಗಿರುತ್ತದೆಂದು ನಿನಗೆ ಗೊತ್ತೇ?

ಕೈ ಉಜ್ಜಿಕೊಂಡ, ನೋಡಿದೆ. ದಿನಾ ಸ್ಟೇರಿಂಗ್ ಹಿಡಿಯುವವನ ಕೈ ನೋಯುವುದಿಲ್ಲವೇ? ಮಾತಿಗೊಂದು ಮಾತು ಪೋಣಿಸಬೇಡ. ಕಳಿಸುವುದಿದ್ದರೆ ಕಳಿಸು, ಇಲ್ಲದಿದ್ದರೆ ಇನ್ನು ಬರೆಯಬೇಡ.

ತೋಟದವಳು

*

ಅಕ್ಟೋಬರ್ 12

ನಿಜ ಬರೆಯುವುದಿದ್ದರೆ ಬರೆಯಿರಿ. ಅಲ್ಲಿಯವರೆಗೆ ನಿಮ್ಮ ಕಾಗದ ಬಂದರೆ ಒಡೆಯದೆ ವಾಪಸ್ ಕಳಿಸುತ್ತೇನೆ. ನನ್ನ ಮಗಳಿಗೆ ಅಜ್ಜಿ ಇಲ್ಲ.

*

ಅಕ್ಟೋಬರ್ 26

ಸೊಸೆಗೆ,

ಇವತ್ತಿಗೆ ನಾಲ್ಕು ವರ್ಷ. ಇದನ್ನು ಒಡೆಯದೆ ವಾಪಸ್ ಕಳಿಸಬೇಡ. ಇನ್ನೊಂದು ಸಲ ಬರೆಯುವ ಧೈರ್ಯ ನನಗಿಲ್ಲ.

ಹನ್ನೆರಡೂವರೆಗೆ ನಾನು ಟಿಕೆಟ್ಟಿನ ಮೇಜಿನಲ್ಲಿದ್ದೆ. ಅವನು ಆರನೇ ಸುತ್ತು ಮುಗಿಸಿ ಟ್ರ್ಯಾಕ್ಟರಿನಿಂದಿಳಿದು ಬಂದ. ಗಾಳಿ ತಣ್ಣಗೆ ಬೀಸುತ್ತಿತ್ತು, ಅವನ ಅಂಗಿ ಮಾತ್ರ ಬೆನ್ನಿಗೆ ಅಂಟಿಕೊಂಡಿತ್ತು. "ಅಮ್ಮಾ, ಎಡಗೈ ಯಾಕೋ ಸೆಳೀತಿದೆ. ಎದೆ ಮೇಲೆ ಯಾರೋ ಕೂತ ಹಾಗಿದೆ. ಒಂದ್ಸ್ವಲ್ಪ ಮಲಗ್ಲಾ?" ಅಂದ. ಮಲಗಲಾ ಎಂದು ಕೇಳಿದ. ಮೂವತ್ತಾರು ವರ್ಷದ ಗಂಡಸು ನನ್ನ ಅಪ್ಪಣೆ ಕೇಳಿದ.

ಸಾಲಿನಲ್ಲಿ ಅರವತ್ತು ಜನರಿದ್ದರು. ಮಕ್ಕಳು ಗಾಡಿಯ ಹುಲ್ಲಿನ ಮೇಲೆ ಆಗಲೇ ಹತ್ತಿ ಕುಣಿಯುತ್ತಿದ್ದವು. "ಇನ್ನೆರಡು ಸುತ್ತು ಮುಗಿಸ್ಬಿಡೋ, ಆಮೇಲೆ ಮಲಗು" ಅಂದೆ. ಅವನು ನೀರು ಕುಡಿದು ಹೋದ.

ಅವನ ಅಪ್ಪ ಹೋದದ್ದೂ ಹಾಗೆಯೇ, ಎಡಗೈಯಿಂದಲೇ ಶುರುವಾದದ್ದು. ಆದ್ದರಿಂದ ಗೊತ್ತಿರಲಿಲ್ಲ ಎಂದು ನಾನು ಬರೆದದ್ದು ಸುಳ್ಳು. ಆ ಕ್ಷಣ ಅದು ತಲೆಗೆ ಬರಲಿಲ್ಲವೋ, ಬಂದದ್ದನ್ನು ನಾನೇ ಆಚೆ ತಳ್ಳಿದೆನೋ, ನಾಲ್ಕು ವರ್ಷದಿಂದ ಯೋಚಿಸಿದರೂ ತಿಳಿದಿಲ್ಲ.

ಎರಡನೇ ಸುತ್ತಿನಲ್ಲಿ ಇಳಿಜಾರು ದಾಟಿ, ಸಮತಟ್ಟಿಗೆ ಬಂದು, ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಆಮೇಲೆ ಒರಗಿದನಂತೆ. ಹಿಂದೆ ಕೂತಿದ್ದ ಮೂವತ್ತು ಜನರಲ್ಲಿ ಒಬ್ಬರಿಗೂ ಗೀರು ಗಾಯವಾಗಲಿಲ್ಲ. ಗಾಡಿ ಯಾಕೆ ನಿಂತಿತು ಎಂದು ಮಕ್ಕಳು ಕೂಗುತ್ತಿದ್ದವು.

ಸಂಜೆ ನೀನು ಮಗುವನ್ನೆತ್ತಿಕೊಂಡು ಗೇಟಿನಿಂದ ಓಡಿ ಬಂದೆ. ಜನ ಎಲ್ಲ ನನ್ನನ್ನೇ ನೋಡುತ್ತಿದ್ದರು. ಯಾರಾದರೂ ಹೇಗಾಯಿತು ಎಂದು ಕೇಳಿಬಿಡುತ್ತಾರೆ ಎಂಬ ಹೆದರಿಕೆಗೆ, ಅವರು ಕೇಳುವ ಮೊದಲೇ ನಿನ್ನ ಕಡೆ ಬೆರಳು ತೋರಿಸಿಬಿಟ್ಟೆ. ಬಾಯಿಂದ ಬಿದ್ದ ಮೇಲೆ ಅದೇ ನಿಜವಾಯಿತು. ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. ನಿನ್ನ ಹತ್ತಿರ ಒಬ್ಬರೂ ಬರಲಿಲ್ಲ.

ಇದು ನಿಜ. ನಿನ್ನ ಕ್ಷಮೆ ಕೇಳುತ್ತಿಲ್ಲ, ಕೊಡುವವಳೂ ಅಲ್ಲ ನೀನು. ನಿಜ ಬರೆದರೆ ಓದುತ್ತೇನೆ ಎಂದಿದ್ದೆ, ಬರೆದಿದ್ದೇನೆ. ಈಗಲಾದರೂ ಮಗುವನ್ನು ಕಳಿಸು.

ಅವನ ಅಮ್ಮ

*

ಅಕ್ಟೋಬರ್ 30

ತೋಟದ ಯಜಮಾನಿಯವರಿಗೆ,

ಅಂಗಡಿಯಲ್ಲಿ ನಿಂತು ಓದಿದೆ. ಓದಿ ಮುಗಿಸಿ ಎರಡು ಗಾಜು ಒಡೆದೆ, ಬೇಕೆಂದೇ ಒಡೆದೆ. ಮಾಲೀಕರು ಪೊರಕೆ ತಂದು ಗುಡಿಸಿದರು.

ನಾಲ್ಕು ವರ್ಷ ನಾನು ಹೊತ್ತದ್ದು ನಿಮ್ಮ ಮೂಟೆ. ಅದು ನಿಮ್ಮದೆಂದು ಗೊತ್ತಿದ್ದೂ, ದೂರದಲ್ಲಿ ನಿಂತು, ನಾನು ಹೊರುವುದನ್ನು ನೋಡುತ್ತಿದ್ದಿರಿ. ಎರಡು ಸುತ್ತು ಎಂದಿರಲ್ಲ, ಅದನ್ನು ಎಂದಾದರೊಂದು ದಿನ ನಾನು ಕ್ಷಮಿಸಬಹುದೇನೋ. ಸಾಲಿನಲ್ಲಿ ಜನರಿದ್ದಾಗ ನಾನೂ ಅವರಿಗೆ ಎಷ್ಟೋ ಸಲ ಹಾಗೆಯೇ ಹೇಳಿದ್ದೇನೆ. ಆದರೆ ಆ ಬೆರಳು ತೋರಿಸಿದ್ದಕ್ಕೆ ನನ್ನ ಹತ್ತಿರ ಕ್ಷಮೆ ಇಲ್ಲ.

ನಿಮ್ಮ ತೋಟಕ್ಕೆ ಬರುವ ಜನವೇ ನಮ್ಮ ಅಂಗಡಿಗೂ ಬರುತ್ತಾರೆ. ಕನ್ನಡಕದ ಕಡ್ಡಿ ಬಿಗಿ ಮಾಡಿಸಿಕೊಳ್ಳುತ್ತಾ ನನ್ನ ಮುಖ ನೋಡಿ, ಹೊರಗೆ ಹೋಗಿ ಪಿಸುಗುಟ್ಟುತ್ತಾರೆ. ನನಗೆ ಅಭ್ಯಾಸವಾಗಿದೆ. ಆದರೆ ಅವರಿಗೂ ಮಕ್ಕಳಿದ್ದಾರೆ, ಆ ಮಕ್ಕಳು ನನ್ನ ಮಗಳ ಶಾಲೆಯಲ್ಲೇ ಓದುತ್ತಾರೆ. ಒಂದಲ್ಲ ಒಂದು ದಿನ ಯಾವುದೋ ಮಗು ಅವಳಿಗೆ ಹೇಳುತ್ತದೆ: ನಿನ್ನಮ್ಮ ಜಗಳ ಆಡಿ ನಿನ್ನಪ್ಪನ್ನ ಸಾಯಿಸಿದ್ಲಂತೆ ಎಂದು. ಆ ದಿನ ಬರುವ ಮೊದಲು ನೀವು ಅದನ್ನು ತಡೆಯಬೇಕು.

ಊರೆದುರು ಹೇಳಿದ್ದನ್ನು ಲಕೋಟೆಯೊಳಗೆ ಗುಟ್ಟಾಗಿ ವಾಪಸ್ ತೆಗೆದುಕೊಳ್ಳಲಾಗದು. ನವೆಂಬರ್ ಎಂಟು ನಿಮ್ಮ ಸುಗ್ಗಿಯ ಕೊನೆಯ ಭಾನುವಾರ. ಪ್ರತಿ ವರ್ಷ ಬರುವ ಮನೆಗಳೆಲ್ಲ ಅವತ್ತು ಬಂದೇ ಬರುತ್ತವೆ. ಮೂರು ಗಂಟೆಗೆ, ಕೊನೆಯ ಸುತ್ತಿಗೆ ಮುಂಚೆ, ಅದೇ ಗಾಡಿಯ ಮೇಲೆ ನಿಂತು, ನನಗೆ ಬರೆದದ್ದನ್ನೆಲ್ಲ ಅವರಿಗೆ ಹೇಳಿ. ಮಗಳನ್ನು ಕರೆದುಕೊಂಡು ನಾನು ಬಂದಿರುತ್ತೇನೆ. ಹೇಳಿದರೆ ನೀವು ಅವಳ ಅಜ್ಜಿ. ಹೇಳದಿದ್ದರೆ ಗೇಟಿನಿಂದಲೇ ವಾಪಸ್ ಹೋಗುತ್ತೇವೆ.

ಅವಳ ಅಮ್ಮ

*

ನವೆಂಬರ್ 3

ಆಗುವುದಿಲ್ಲ.

ಮುದುಕಿಯನ್ನು ಗಾಡಿ ಹತ್ತಿಸಿ, ಸೇಬು ತಿನ್ನಲು ಬಂದವರ ಮುಂದೆ ಮಾನ ಕಳೆಯುವುದು ನಿನ್ನ ಷರತ್ತು. ಮೊಮ್ಮಗಳನ್ನು ಮುಂದಿಟ್ಟುಕೊಂಡು ಮುಯ್ಯಿ ತೀರಿಸಿಕೊಳ್ಳುತ್ತಿದ್ದೀಯ. ಈ ತೋಟದಲ್ಲಿ ನಲವತ್ತೈದು ವರ್ಷ ಬಾಳಿದ್ದೇನೆ. ಆ ಜನ ನನ್ನನ್ನು ಅಮ್ಮ ಎನ್ನುತ್ತಾರೆ. ಮಗನನ್ನು ಕಳೆದುಕೊಂಡವಳು ಎಂದು ಕೈ ಹಿಡಿದು ಮಾತಾಡಿಸುತ್ತಾರೆ. ನನಗೆ ಉಳಿದಿರುವುದು ಅಷ್ಟೇ.

ನೀನು ಬರುವುದು ಬೇಡ.

*

ನವೆಂಬರ್ 9

ಸೊಸೆಗೆ,

ನೀನು ಬರಲಿಲ್ಲ.

ಬರಬೇಡ ಎಂದವಳು ನಾನೇ. ಆದರೂ ನೀನು ಹಟಮಾರಿ, ಬಂದೇ ಬರುತ್ತೀಯ ಎಂದು ನಿನ್ನೆ ಬೆಳಿಗ್ಗೆಯಿಂದ ಗೇಟಿಗೆ ಕಣ್ಣು ನೆಟ್ಟಿದ್ದೆ. ಮೂರು ಗಂಟೆಗೆ ಡ್ರೈವರನಿಗೆ ಎಂಜಿನ್ ಆರಿಸು ಎಂದು ಹೇಳಿ ಗಾಡಿ ಹತ್ತಿದೆ. ಒಂದು ಕಾಲು ಹತ್ತಿತು, ಇನ್ನೊಂದು ಹತ್ತಲಿಲ್ಲ, ಇಬ್ಬರು ಹಿಂದಿನಿಂದ ತಳ್ಳಿದರು. ಬಹುಮಾನ ಕೊಡಲು ಹತ್ತಿದ್ದೇನೆ ಎಂದುಕೊಂಡು ಮಕ್ಕಳು ಚಪ್ಪಾಳೆ ಹೊಡೆದವು. ಮೇಲಿಂದ ಒಂದೊಂದೇ ಮುಖ ನೋಡಿದೆ, ನೀನಿರಲಿಲ್ಲ, ಮಗುವೂ ಇರಲಿಲ್ಲ. ಅಲ್ಲಿಗೇ ಇಳಿದುಬಿಡಬಹುದಿತ್ತು. ಯಾಕೆ ಇಳಿಯಲಿಲ್ಲವೋ ನನಗೇ ಗೊತ್ತಿಲ್ಲ, ಬಹುಶಃ ಮತ್ತೆ ಹತ್ತಲಾರೆ ಎನ್ನಿಸಿತು.

ಹೇಳಿದೆ. ಕೈ ಉಜ್ಜಿಕೊಂಡದ್ದು, ಮಲಗಲಾ ಎಂದು ಕೇಳಿದ್ದು, ನಾನು ಎರಡು ಸುತ್ತು ಎಂದದ್ದು, ನಿನ್ನ ಕಡೆ ಬೆರಳು ತೋರಿಸಿದ್ದು. "ನನ್ನ ಸೊಸೇದು ಏನೂ ತಪ್ಪಿಲ್ಲ, ನಾನೇ ಸುಳ್ಳು ಹೇಳ್ದೆ" ಎಂದೆ. ನಡುವೆ ಸ್ವರ ಬಿದ್ದುಹೋಯಿತು, ಹಿಂದೆ ನಿಂತವರು ಕೇಳಿಸ್ತಿಲ್ಲ ಎಂದರು. ಮೊದಲಿಂದ ಮತ್ತೆ ಹೇಳಬೇಕಾಯಿತು.

ಆಮೇಲೆ ಏನಾಯಿತು ಗೊತ್ತೇ? ಬೇಕರಿಯ ಹೆಂಗಸು, ಅವಳಿಜವಳಿ ಮಕ್ಕಳವಳು, ಬುಟ್ಟಿ ಕೆಳಗಿಟ್ಟು ಅಳುವುದಕ್ಕೆ ಶುರುಮಾಡಿದಳು. "ನಾವು ನೋಡಿದ್ವಿ ಅಮ್ಮ. ಅವತ್ತು ಸಾಲಲ್ಲಿ ಮುಂದೆ ನಾವೇ ಇದ್ದಿದ್ದು. ಅವರ ಮುಖ ಬೂದಿ ಆಗಿತ್ತು. ಸುಸ್ತಾಗಿದ್ರೆ ಬಿಡಿ ಅನ್ನಬೇಕು ಅಂತ ಬಾಯಿಗೆ ಬಂತು. ಮಕ್ಕಳು ಹಟ ಮಾಡ್ತಿದ್ವು, ಹತ್ತಿಬಿಟ್ವಿ," ಎಂದಳು. ಅವಳ ಪಕ್ಕದವನು ತಲೆ ತಗ್ಗಿಸಿದ. ಇನ್ನೊಬ್ಬರು, ಮತ್ತೊಬ್ಬರು. ಅವರಿಗೆ ಗೊತ್ತಿತ್ತು. ನಾನು ನಿನ್ನ ಹೆಸರು ಹೇಳಿದಾಗ ಅವರಿಗೂ ನೆಮ್ಮದಿಯಾಗಿತ್ತು. ನಾಲ್ಕು ವರ್ಷ ಎಲ್ಲರೂ ಸೇರಿ ನಿನ್ನೊಬ್ಬಳ ಮೇಲೆ ಹೊರಿಸಿ ಆರಾಮಾಗಿದ್ದೆವು.

ಕೊನೆಯ ಸುತ್ತಿಗೆ ಯಾರೂ ಹತ್ತಲಿಲ್ಲ. ಇನ್ನು ಅವರು ನನ್ನನ್ನು ಅಮ್ಮ ಎನ್ನುತ್ತಾರೋ ಇಲ್ಲವೋ ಕಾಣೆ.

ನಿನ್ನ ಮೇಲೆ ನನಗೆ ಕೆಟ್ಟ ಸಿಟ್ಟಿದೆ. ಬರುತ್ತೇನೆ ಎಂದವಳು ಬರಬೇಕಿತ್ತು. ಮಗುವನ್ನು ಕಳಿಸು ಎಂದು ಇನ್ನು ಕೇಳುವುದಿಲ್ಲ, ಕೇಳಿ ಕೇಳಿ ಬಾಯಿ ಒಣಗಿತು.

ಅತ್ತೆ

*

ನವೆಂಬರ್ 11

ನಾವು ಬಂದಿದ್ದೆವು.

ಸೇಬಿನ ಖಾಲಿ ಪೆಟ್ಟಿಗೆಗಳನ್ನು ಪೇರಿಸಿದ್ದಿರಲ್ಲ, ಅದರ ಹಿಂದೆ ನಿಂತಿದ್ದೆವು. ಗೇಟಿನಿಂದ ಬಂದರೆ ನೀವು ನೋಡಿ ಬಾಯಿ ಮುಚ್ಚಿಕೊಳ್ಳುತ್ತೀರಿ ಎಂದು, ಹೊಲದ ಕಡೆಯ ಬೇಲಿ ದಾಟಿ ಬಂದೆ. ನಿಮ್ಮ ಮಾತನ್ನು ಎರಡು ಸಲವೂ ಕೇಳಿದೆ. ಮುಂದೆ ಬರಬೇಕೆಂದು ಕಾಲು ಎತ್ತಿದೆ ಕೂಡ. ಬಂದಿದ್ದರೆ ಅಷ್ಟು ಜನರೆದುರು ನಿಮ್ಮನ್ನು ಅಪ್ಪಿಕೊಳ್ಳಬೇಕಾಗುತ್ತಿತ್ತು, ಅವರೆಲ್ಲ ಕಣ್ಣೊರೆಸಿಕೊಂಡು ಹಗುರಾಗಿ ಮನೆಗೆ ಹೋಗುತ್ತಿದ್ದರು. ಅಷ್ಟು ಸುಲಭಕ್ಕೆ ಅವರನ್ನು ಬಿಡಲು ಮನಸ್ಸಾಗಲಿಲ್ಲ. ನಿಮ್ಮನ್ನೂ ಅಷ್ಟೇ. ನೀವು ಹೇಳಿದ ಮೇಲೆ ನನಗೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಸಿಟ್ಟು ಇದ್ದಷ್ಟೇ ಇದೆ. ಆದರೆ ನಿನ್ನೆ ಅಂಗಡಿಗೆ ಬಂದ ಒಬ್ಬ ಹೆಂಗಸು ನನ್ನ ಮುಖ ನೋಡಲಾರದೆ ನೆಲ ನೋಡಿದಳು. ನಾನು ತಲೆಯೆತ್ತಿಕೊಂಡೇ ಅವಳ ಕನ್ನಡಕ ಸರಿಮಾಡಿಕೊಟ್ಟೆ.

ಮಗಳ ಕಿವಿ ಮುಚ್ಚಲು ಹೋಗಿದ್ದೆ, ಕೈ ತಳ್ಳಿದಳು. ಎಲ್ಲ ಕೇಳಿಸಿಕೊಂಡಳು. ಮರಳುವ ಬಸ್ಸಿನಲ್ಲಿ, ಆ ಗಾಡಿ ಓಡಿಸುತ್ತಿದ್ದವರು ನಿನ್ನಪ್ಪ, ಮೇಲೆ ನಿಂತು ಮಾತಾಡಿದವರು ನಿನ್ನಜ್ಜಿ ಎಂದು ಹೇಳಿದೆ. ಅಳುತ್ತಾಳೆಂದು ಕರವಸ್ತ್ರ ತೆಗೆದಿಟ್ಟುಕೊಂಡಿದ್ದೆ. ಅಳಲಿಲ್ಲ. ಎರಡು ನಿಲ್ದಾಣ ದಾಟಿದ ಮೇಲೆ ಕೇಳಿದಳು: "ಅವತ್ತು ಇಡೀ ದಿನ ನಾನು ಅವರ ಎದುರಿಗೇ ಇದ್ನಲ್ಲ. ನಾನೇ ನಿನ್ನಜ್ಜಿ ಅಂತ ಯಾಕೆ ಹೇಳ್ಲಿಲ್ಲ? ನಾನು ಅವರಿಗೆ ಇಷ್ಟ ಆಗ್ಲಿಲ್ವಾ?"

ನನ್ನ ಮೇಲೆ ತಪ್ಪು ಹಾಕಿ ಉತ್ತರಿಸಬಹುದಿತ್ತು, ನಿಮ್ಮ ಮೇಲೆ ಹಾಕಿಯೂ ಉತ್ತರಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ. "ಅವರನ್ನೇ ಕೇಳು" ಎಂದೆ.

ಶನಿವಾರ ಹತ್ತು ಗಂಟೆಗೆ ಗೇಟಿನವರೆಗೆ ತಂದು ಬಿಡುತ್ತೇನೆ. ನಾನು ಒಳಗೆ ಬರುವುದಿಲ್ಲ, ನೀವೂ ಕರೆಯಬೇಡಿ. ಅವಳು ಮೊದಲು ಕೇಳುವುದು ಅದನ್ನೇ, ಸಮಾಧಾನದ ಸುಳ್ಳು ಹೇಳಿದರೆ ತಕ್ಷಣ ಹಿಡಿಯುತ್ತಾಳೆ. ನಾಲ್ಕು ಗಂಟೆಗೆ ಕರೆದೊಯ್ಯಲು ಬಂದಾಗ, ನೀವು ಏನು ಹೇಳಿದಿರೆಂದು ಅವಳ ಬಾಯಿಂದಲೇ ಕೇಳಿಕೊಳ್ಳುತ್ತೇನೆ. ಮುಂದಿನ ಶನಿವಾರ ಕರೆತರುವುದೋ ಬೇಡವೋ ಎಂದು ಆಗ ಅವಳೇ ಹೇಳಲಿ.

ಅವಳ ಅಮ್ಮ